ಅಪ್ಪನ ಗಡ್ಡ ಹೆರೆಯುತ್ತಿದ್ದವನು

ಅಮ್ಮ ತೀರಿಕೊಂಡ ವರ್ಷವೇ ಅಪ್ಪನನ್ನು ಮಸ್ಕತ್ತಿಗೆ ಕರೆತಂದೆವು. ಅಷ್ಟರಲ್ಲಿ ಅವರಿಗೆ ಒಮ್ಮೆ ಲಕ್ವ ಹೊಡೆದು ಎಡಗೈ ಮತ್ತು ಎಡಗಾಲು ಸೋತಿದ್ದವು. ಮೈಸೂರು ಸುತ್ತಮುತ್ತಲಿನ ತಾಲ್ಲೂಕು ಠಾಣೆಗಳಲ್ಲಿ ದುಡಿದು, ಹೆಡ್ ಕಾನ್ಸ್‌ಟೇಬಲ್ ಆಗಿ ನಿವೃತ್ತರಾದವರು ಅವರು. ಜೀವನವಿಡೀ ಜನರ ನಡುವೆಯೇ ಇದ್ದ ಮನುಷ್ಯ, ಅಲ್ ಗುಬ್ರಾದ ನಮ್ಮ ನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿ ಬೆಳಗ್ಗೆ ಏಳರಿಂದ ಮಧ್ಯಾಹ್ನ ಎರಡೂವರೆಯವರೆಗೆ ಒಬ್ಬರೇ ಕುಳಿತಿರಬೇಕಾಗಿತ್ತು. ನಾನು ಪಂಪು, ಮೀಟರುಗಳ ನಿರ್ವಹಣೆ ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರ್. ಹೆಂಡತಿ ಶಾಲೆಯಲ್ಲಿ ಟೀಚರು. ಮಗಳು ಆಗ ಒಂಬತ್ತನೇ ಕ್ಲಾಸು. ಮೂವರೂ ಹೊರಟ ಮೇಲೆ ಅಪ್ಪ ಬಾಲ್ಕನಿಯ ಕುರ್ಚಿಯಲ್ಲಿ ಕೂತು, ಉಪ್ಪುನೀರು ಸಿಹಿ ಮಾಡುವ ಕಾರ್ಖಾನೆಯ ಚಿಮಣಿಗಳನ್ನೂ ಅದರಾಚೆಯ ಸಮುದ್ರವನ್ನೂ ನೋಡುತ್ತಿದ್ದರು. ಸಂಜೆ ನಾನು ಬಂದು "ಊಟ ಆಯ್ತಾ?" ಎಂದರೆ "ಆಯ್ತು" ಎನ್ನುತ್ತಿದ್ದರು. ನಮ್ಮಿಬ್ಬರ ನಡುವೆ ಮಾತು ಅಷ್ಟಕ್ಕೇ ಮುಗಿಯುತ್ತಿತ್ತು.

ಆ ದಿನಗಳಲ್ಲಿ ನಮ್ಮ ಕಟ್ಟಡದ ಬಹುತೇಕ ಮನೆಗಳಿಗೆ ಅಲ್ ಮವಾಲೇಹ್ ಮಾರುಕಟ್ಟೆಯ ಪಕ್ಕದ ಒಂದು ಅಂಗಡಿಯಿಂದ ತರಕಾರಿ ಬರುತ್ತಿತ್ತು. ಅಂಗಡಿಯವರು ದಕ್ಷಿಣ ಕನ್ನಡದ ಬ್ಯಾರಿ ಹಿರಿಯರು. ಹಜ್ ಮಾಡಿ ಬಂದವರಾದ್ದರಿಂದ ಎಲ್ಲರೂ ಹಾಜಿಯವರು ಎನ್ನುತ್ತಿದ್ದರು. ಮಂಗಳೂರು ಸೌತೆ, ಬಸಳೆ, ಹರಿವೆ ಸೊಪ್ಪು, ಶುಕ್ರವಾರಕ್ಕೆ ಮಲ್ಲಿಗೆ ಹೂವು, ಎಲ್ಲವೂ ಅವರಲ್ಲಿ ಸಿಗುತ್ತಿತ್ತು. ಪಿಕಪ್ಪಿನಲ್ಲಿ ತಂದು ಮನೆ ಮನೆಗೆ ಮುಟ್ಟಿಸುತ್ತಿದ್ದವನು ಅವರ ಅಂಗಡಿಯ ಆಳು, ಮಂಗಳೂರು ಕಡೆಯ ತುಳು ಮಾತಿನವನು. ನಲವತ್ತರ ಆಸುಪಾಸು. ಅಗಲ ಭುಜ, ತಗ್ಗಿದ ದನಿ. ಜೂನ್ ತಿಂಗಳ ಸುಡುಬಿಸಿಲಿನಲ್ಲೂ ತುಂಬುತೋಳಿನ ಅಂಗಿ ತೊಟ್ಟು ಮಣಿಕಟ್ಟಿನ ಗುಂಡಿ ಹಾಕಿಕೊಂಡಿರುತ್ತಿದ್ದ. ನನಗೆ ಅವನ ಬಗ್ಗೆ ಇದಕ್ಕಿಂತ ಹೆಚ್ಚು ಏನೂ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಬೇಕೆಂದು ಅನ್ನಿಸಿಯೂ ಇರಲಿಲ್ಲ.

ಒಂದು ಮಧ್ಯಾಹ್ನ ಅವನು ತರಕಾರಿ ಚೀಲ ಕೊಡಲು ಬಂದಾಗ ಅಪ್ಪ ಕೆನ್ನೆಯಲ್ಲಿ ರಕ್ತ ಒಸರಿಸಿಕೊಂಡು ಬಾಗಿಲು ತೆರೆದರಂತೆ. ನಡುಗುವ ಬಲಗೈಯಲ್ಲಿ ತಾವೇ ಗಡ್ಡ ಹೆರೆದುಕೊಳ್ಳಲು ಹೋಗಿ ಕೊಯ್ದುಕೊಂಡಿದ್ದರು. ಅವನು ಚೀಲ ಕೆಳಗಿಟ್ಟು, ಅಪ್ಪನನ್ನು ಬಾಲ್ಕನಿಯ ಕುರ್ಚಿಯಲ್ಲಿ ಕೂರಿಸಿ, ಬಿಸಿನೀರು ತಂದು, ಉಳಿದರ್ಧ ಗಡ್ಡವನ್ನು ತಾನೇ ಹೆರೆದ. ಸಂಜೆ ನಾನು ಬಂದಾಗ ಅಪ್ಪನ ಮುಖ ಲಕಲಕ ಎನ್ನುತ್ತಿತ್ತು.

"ಯಾರು ಮಾಡಿದ್ದು?" ಎಂದೆ.

"ತರಕಾರಿ ಹುಡುಗ ಬಂದಿದ್ನಲ್ಲ, ಅವ್ನು. ಕೈ ಹಗುರ ಕಣಪ್ಪ. ಬ್ಲೇಡು ಆಡಿದ್ದೇ ಗೊತ್ತಾಗ್ಲಿಲ್ಲ."

ಅಂದಿನಿಂದ ಮಂಗಳವಾರ, ಶುಕ್ರವಾರ ಅವನು ಬರುವುದು ರೂಢಿಯಾಯಿತು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿ ಮುಚ್ಚಿರುತ್ತಿತ್ತು. ಉಳಿದವರು ಮಲಗುವ ಆ ಹೊತ್ತಿನಲ್ಲಿ ಇವನು ನಮ್ಮ ಮನೆಗೆ ಬಂದು ಅಪ್ಪನ ಗಡ್ಡ ಹೆರೆದು, ಉಗುರು ಕತ್ತರಿಸಿ, ಎಡಗಾಲಿಗೆ ಎಣ್ಣೆ ನೀವಿ, ಅವರನ್ನು ಹಿಡಿದುಕೊಂಡು ಕಾರಿಡಾರಿನಲ್ಲಿ ನಾಲ್ಕು ಸುತ್ತು ನಡೆಸುತ್ತಿದ್ದ. ಆಮೇಲೆ ಇಬ್ಬರೂ ಬಾಳೆಹಣ್ಣಿನ ಪೆಟ್ಟಿಗೆಯ ರಟ್ಟಿನ ಮೇಲೆ ಮನೆ ಬರೆದುಕೊಂಡು, ಹುಣಸೆಬೀಜವನ್ನು ಅರ್ಧ ತೇಯ್ದು ಕವಡೆಯ ಹಾಗೆ ಮಾಡಿಕೊಂಡು ಚೌಕಾಬಾರ ಆಡುತ್ತಿದ್ದರು. ಅವನಿಗೆ ಆ ಆಟ ಬರುತ್ತಿರಲಿಲ್ಲ, ಕಲಿಸಿದ್ದು ಅಪ್ಪ. ಅವನು ಅವರನ್ನು ಅಜ್ಜ ಎನ್ನುತ್ತಿದ್ದ. ಅವರು ಅವನನ್ನು "ಮಗ" ಎನ್ನುತ್ತಿದ್ದರು. "ಬಾರೋ ಮಗ, ಇವತ್ತು ನಿನ್ನ ಕಾಯಿ ಒಂದೂ ಉಳಿಸಲ್ಲ" ಎಂದು ಅವರು ನಗುವುದನ್ನು ಒಂದು ಶುಕ್ರವಾರ ರಜೆಯ ದಿನ ಒಳಗಿನ ಕೋಣೆಯಿಂದ ಕೇಳಿಸಿಕೊಂಡೆ. ನನ್ನನ್ನು ಅವರು ಹಾಗೆ ಕರೆದದ್ದು ನೆನಪಾಗಲಿಲ್ಲ. ಹೆಸರು ಹಿಡಿದು ಕರೆಯುತ್ತಿದ್ದರು, ಇಲ್ಲವೇ "ಕಣಪ್ಪ" ಎನ್ನುತ್ತಿದ್ದರು. ಈಗ ನಿಜ ಹೇಳಬೇಕು. ಮುಂದೆ ನಾನು ಮಾಡಿದ್ದಕ್ಕೆ ಭಯ ಮಾತ್ರ ಕಾರಣವಾಗಿರಲಿಲ್ಲ.

ಹೀಗೆ ಏಳೆಂಟು ತಿಂಗಳು ಕಳೆದಿರಬೇಕು. ಮಂಗಳೂರಿನವರೇ ಆದ ನನ್ನ ಸಹೋದ್ಯೋಗಿಯೊಬ್ಬರು ಒಂದು ಶುಕ್ರವಾರ ಊಟಕ್ಕೆ ಬಂದಿದ್ದರು. ಬಾಲ್ಕನಿಯಲ್ಲಿ ಅವನು ಅಪ್ಪನ ಗಲ್ಲ ಮೇಲೆತ್ತಿ ಕುತ್ತಿಗೆಯ ಕೆಳಗೆ ಬ್ಲೇಡು ಆಡಿಸುತ್ತಿದ್ದ. ಸಹೋದ್ಯೋಗಿ ಅವನನ್ನೇ ದಿಟ್ಟಿಸಿ ನೋಡಿದರು. ಅವನು ಹೋದ ಮೇಲೆ ಕೇಳಿದರು:

"ಇವನು ನಿಮ್ಮ ಮನೆಗೆ ಹೇಗೆ ಬಂದ ಮಾರಾಯ್ರೆ? ಇವನು ಯಾರು ಗೊತ್ತುಂಟಾ?"

ಮೊಬೈಲಿನಲ್ಲಿ ಹುಡುಕಿ ಒಂದು ಹಳೆಯ ಸುದ್ದಿ ತೋರಿಸಿದರು. ಮಂಗಳೂರಿನ ಎರಡು ಗ್ಯಾಂಗುಗಳ ಹೊಡೆದಾಟ, ಒಂದು ಕೊಲೆ, ಬಂಧಿತರ ಫೋಟೊ. ಸಾಲಾಗಿ ನಿಂತ ಐವರಲ್ಲಿ ಮೂರನೆಯವನು ಅವನೇ. ಗಡ್ಡವಿತ್ತು, ಮೈ ಇನ್ನೂ ತುಂಬಿಕೊಂಡಿತ್ತು. ಆದರೆ ಕಣ್ಣು ಅದೇ. "ರೌಡಿ ಶೀಟರ್. ಆ ಟೀಮಿನಲ್ಲಿ ಇವನ ಹೆಸರು ಹೇಳಿದರೆ ಅಂಗಡಿಯವರು ಶಟರ್ ಎಳೀತಿದ್ರು" ಎಂದರು.

ಅಪ್ಪನ ಕುತ್ತಿಗೆ, ಆ ಬ್ಲೇಡು, ಎರಡೂವರೆಗೆ ಶಾಲೆಯಿಂದ ಬರುವ ಮಗಳು, ಇವೇ ತಲೆಯಲ್ಲಿ ತಿರುಗಿದವು. ಮರುದಿನ ಬೆಳಗ್ಗೆ ಮವಾಲೇಹ್‌ಗೆ ಹೋಗಿ ಹಾಜಿಯವರ ಮುಂದೆ ಮೊಬೈಲು ಹಿಡಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿ, ಮೊಬೈಲನ್ನು ಮೆಲ್ಲಗೆ ಹಿಂದೆ ಕೊಟ್ಟರು.

"ಗೊತ್ತುಂಟು ಸರ್. ಗೊತ್ತಿದ್ದೇ ಕರಕೊಂಡು ಬಂದದ್ದು."

"ಗೊತ್ತಿದ್ದೂ ಮನೆ ಮನೆಗೆ ಕಳಿಸ್ತಿದ್ದೀರಾ?"

ಅವರು ಸ್ಟೂಲು ಎಳೆದು ನನ್ನನ್ನು ಕೂರಿಸಿದರು. "ಸರ್, ಮಂಗಳೂರಿನ ಬಂದರಿನಲ್ಲಿ ನನ್ನ ಅಣ್ಣನ ಅಂಗಡಿ ಇತ್ತು, ಗಾಜಿನ ಸಾಮಾನಿನದ್ದು. ಇವನೂ ಇವನ ಜೊತೆಯವರೂ ಒಂದು ದಿನ ಬಂದು ಪೂರಾ ಪುಡಿ ಮಾಡಿದ್ರು. ಅಣ್ಣನ ಹಣೆಗೆ ಏಳು ಹೊಲಿಗೆ. ಆಮೇಲೆ ಆ ಕೊಲೆ ಕೇಸಲ್ಲಿ ಇವ ಒಳಗೆ ಹೋದ. ಸಾಕ್ಷಿಯವರು ತಿರುಗಿ ಬಿದ್ದರು, ಕೋರ್ಟು ಬಿಟ್ಟಿತು. ಹೊರಗೆ ಬಂದವ ಸೀದಾ ಅಣ್ಣನ ಅಂಗಡಿ ಎದುರು ಬಂದು ನಿಂತ. ಮೂರು ದಿವಸ ನಿಂತ, ಮಾತಿಲ್ಲ, ಕತೆಯಿಲ್ಲ. ಮೂರನೇ ದಿವಸ ಅಣ್ಣನೇ ಕರೆದು ಚಹಾ ಕೊಟ್ಟರು. ಕೊಟ್ಟು ನನಗೆ ಫೋನ್ ಮಾಡಿದ್ರು. ಇವನನ್ನು ಇಲ್ಲೇ ಬಿಟ್ಟರೆ ಹಳೇ ಟೀಮಿನವರು ಬಿಡುವುದಿಲ್ಲ, ನೀನು ಕರಕೊಂಡು ಹೋಗು ಅಂತ."

"ಕೊಲೆ ಮಾಡಿದವನು ಅವನು, ಹಾಜಿಯವರೇ."

"ಆ ದಿವಸ ಅಲ್ಲಿ ಇರಲಿಲ್ಲ ಅಂತ ಇವ ಒಮ್ಮೆಯೂ ನನ್ನ ಹತ್ತಿರ ಹೇಳಲಿಲ್ಲ ಸರ್. ಸತ್ತವನನ್ನು ಹಿಡಿದುಕೊಂಡದ್ದು ನಾನು ಅಂತಲೇ ಹೇಳಿದ್ದು. ಹೇಳಿ ಮರ್ಯಾದೆಯಲ್ಲಿ ಬದುಕ್ಲಿಕ್ಕೆ ನೋಡ್ತಾ ಇದ್ದಾನೆ. ಆರು ವರ್ಷ ಆಯ್ತು, ಒಂದು ದೊಡ್ಡ ಮಾತು ಆಡಿಲ್ಲ."

ನಾನು ಕರಗಲಿಲ್ಲ. ನಮ್ಮ ಮನೆಗೆ ಇನ್ನು ಅವನನ್ನು ಕಳಿಸಬೇಡಿ ಎಂದೆ. ಹಾಜಿಯವರು, "ಆಯ್ತು, ನಿಮ್ಮ ಮನೆ, ನಿಮ್ಮ ಇಷ್ಟ. ಆದರೆ ನಾನು ಹೇಳುವುದಿಲ್ಲ, ನೀವೇ ಅವನ ಮುಖ ನೋಡಿ ಹೇಳಿ. ಮತ್ತೊಂದು, ವಿಷಯ ಹೊರಗೆ ಹಾಕ್ಬೇಡಿ. ಒಬ್ಬನ ಅನ್ನ" ಎಂದರು. ಇಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅವರ ಕೈ ಹಿಡಿದು ಕೊಟ್ಟ ಮಾತು ಅದು.

ಮಂಗಳವಾರ ಅರ್ಧ ದಿನ ರಜೆ ಹಾಕಿ ಮನೆಯಲ್ಲೇ ಉಳಿದೆ. ಅಪ್ಪ ಊಟ ಮಾಡಿ ತೂಕಡಿಸುತ್ತಿದ್ದರು. ಬೆಲ್ಲು ಬಾರಿಸುವ ಮೊದಲೇ ನಾನು ಹೊರಗೆ ಹೋಗಿ ಬಾಗಿಲು ಎಳೆದುಕೊಂಡೆ. ಲಿಫ್ಟಿನಿಂದ ಇಳಿದವನು ನನ್ನನ್ನು ಕಂಡು ಮುಗುಳ್ನಕ್ಕ.

"ಇನ್ನು ಮೇಲೆ ಬರೋದು ಬೇಡ" ಎಂದೆ.

ನಗು ಮಾಸಿತು. ಏಕೆ ಎಂದು ಅವನು ಕೇಳಲಿಲ್ಲ. ಅಂಥ ಮಾತಿಗೆ ಕಾರಣ ಕೇಳುವ ಅಭ್ಯಾಸ ಅವನಿಗೆ ತಪ್ಪಿಹೋಗಿತ್ತೆಂದು ಕಾಣುತ್ತದೆ. "ಅಜ್ಜನಿಗೆ ಹೇಳಿದ್ದೀರಾ ಸರ್?" ಎಂದಷ್ಟೇ ಕೇಳಿದ.

"ಅದು ನಿನಗೆ ಬೇಡ."

"ಆಯ್ತು ಸರ್." ಜೇಬಿನಿಂದ ಬ್ಲೇಡಿನ ಹೊಸ ಪೊಟ್ಟಣವೊಂದನ್ನು ತೆಗೆದು ಚಾಚಿದ. "ಹಳೆಯದ್ದು ಮೊಂಡಾಗಿತ್ತು, ಹೊಸತು ತಂದಿದ್ದೆ. ಅವರ ಗಲ್ಲದ ಕೆಳಗೆ ಒಂದು ಸಣ್ಣ ಗಂಟು ಉಂಟು ಸರ್, ಯಾರು ಮಾಡಿದ್ರೂ ಅಲ್ಲಿ ಜಾಗ್ರತೆ."

ಲಿಫ್ಟು ಇನ್ನೂ ನಮ್ಮ ಮಹಡಿಯಲ್ಲೇ ಇತ್ತು. ಆದರೂ ಅವನು ಮೆಟ್ಟಿಲಿಳಿದು ಹೋದ.

ಅಪ್ಪನಿಗೆ ಅವನು ಬೇರೆ ಏರಿಯಾಗೆ ಬದಲಾಗಿದ್ದಾನೆಂದು ಸುಳ್ಳು ಹೇಳಿದೆ. ಅಷ್ಟಕ್ಕೆ ಬಿಟ್ಟಿದ್ದರೂ ನಡೆದೀತು. ಮುಂದಿನ ವಾರ ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಎರಡನೇ ಮಹಡಿಯ ಹೆಂಗಸೊಬ್ಬರು ಅವನನ್ನು ಹೊಗಳಿ ಬರೆದರು. ತಮ್ಮ ತಾಯಿಯನ್ನು ಲಿಫ್ಟು ಕೆಟ್ಟಿದ್ದ ದಿನ ಕುರ್ಚಿ ಸಮೇತ ಮೇಲಕ್ಕೆ ಹೊತ್ತು ತಂದನೆಂದೂ, ಇಂಥ ಒಳ್ಳೆಯವರು ಈ ಕಾಲದಲ್ಲಿ ಅಪರೂಪವೆಂದೂ. ಕೆಳಗೆ ಒಬ್ಬರಾದ ಮೇಲೊಬ್ಬರು ಕೈಮುಗಿದ ಚಿಹ್ನೆ ಹಾಕುತ್ತಾ ಹೋದರು. ಓದುತ್ತಾ ಓದುತ್ತಾ ನನಗೆ ಸಿಟ್ಟು ಬಂತು. ಅವನು ಒಳ್ಳೆಯವನಾದರೆ ಅವನನ್ನು ಬಾಗಿಲಿನಿಂದಲೇ ಕಳಿಸಿದ ನಾನು ಯಾರಾದೆ? "ಹೊಗಳುವ ಮೊದಲು ಇದನ್ನು ಓದಿ" ಎಂದು ಬರೆದು ಆ ಸುದ್ದಿಯ ಲಿಂಕು ಹಾಕಿದೆ.

ಆಮೇಲೆ ಮಾತು ನಿಲ್ಲಲೇ ಇಲ್ಲ. ನನಗೆ ಧನ್ಯವಾದ ಹೇಳಿದವರೇ ಹೆಚ್ಚು. ಎರಡನೇ ಮಹಡಿಯ ಆ ಹೆಂಗಸು ಮಾತ್ರ "ನನ್ನ ತಾಯಿಯನ್ನು ಹೊತ್ತವನು ಇವನೇ, ಅದನ್ನು ಅಳಿಸಲು ಬರುವುದಿಲ್ಲ" ಎಂದು ಬರೆದು ಗುಂಪು ಬಿಟ್ಟರು.

ಒಂದೇ ವಾರದಲ್ಲಿ ನಮ್ಮ ಸಾಲಿನ ಕಟ್ಟಡಗಳೆಲ್ಲ ಹಾಜಿಯವರಿಂದ ತರಕಾರಿ ತರಿಸುವುದನ್ನು ನಿಲ್ಲಿಸಿದವು. ಗಿರಾಕಿಯೊಬ್ಬರು ಹಾಜಿಯವರ ಕಫೀಲರ ಕಿವಿಗೂ ಹಾಕಿದರಂತೆ. ಕಫೀಲ್ ಎಂದರೆ ಅವರ ಅಂಗಡಿಗೆ ಜಾಮೀನು ನಿಂತ ಒಮಾನಿ ಯಜಮಾನರು. ಹಾಜಿಯವರು ಅವರ ಮನೆಯ ಮಜಲಿಸಿನಲ್ಲಿ, ಅತಿಥಿಗಳನ್ನು ಕೂರಿಸುವ ಕೋಣೆಯಲ್ಲಿ, ಎರಡು ಗಂಟೆ ಕೂತು ಎಲ್ಲವನ್ನೂ ಹೇಳಿದರಂತೆ. ಆ ಒಮಾನಿ ಹಿರಿಯರು ಕೇಳಿ, "ಖಲಾಸ್. ಈ ಪೇಟೆಯಲ್ಲಿ ಜನ ಅವನನ್ನು ಇನ್ನು ನೆಮ್ಮದಿಯಾಗಿ ಬದುಕಗೊಡುವುದಿಲ್ಲ. ಊರಿಗೆ ಕಳಿಸಿದರೆ ಅಲ್ಲಿಯೂ ಬಿಡುವುದಿಲ್ಲ. ಉತ್ತರದ ತುದಿಯ ಖಸಬ್‌ನಲ್ಲಿ ನನ್ನ ಸೋದರಳಿಯನ ಕೆಫೆಟೇರಿಯಾ ಇದೆ, ಅಲ್ಲಿಗೆ ಕಳಿಸು" ಎಂದರಂತೆ. ಅವನನ್ನು ಕಂಡೂ ಇರದ ಮನುಷ್ಯರು ಅವರು. ಇದೆಲ್ಲ ನನಗೆ ತಿಳಿದದ್ದು ಬಹಳ ತಡವಾಗಿ. ಆಗ ತಿಳಿದದ್ದು ಅವನು ಮಸ್ಕತ್ ಬಿಟ್ಟು ಖಸಬ್ ಊರಿಗೆ ಹೋದನೆಂಬುದಷ್ಟೇ. ನನಗೆ ನಿರಾಳವಾಯಿತು. ಹೌದು, ಆದದ್ದು ನಿರಾಳವೇ.

ಅಪ್ಪ ಬೇರೆ ಯಾರಿಗೂ ಗಡ್ಡ ಮುಟ್ಟಲು ಬಿಡಲಿಲ್ಲ. ನಾನು ಸಲೂನಿನವನನ್ನು ಕರೆತಂದರೆ ಮುಖ ತಿರುಗಿಸಿದರು. ಬಿಳಿಗಡ್ಡ ಬೆಳೆದು ಅವರ ಮುಖವೇ ಬದಲಾಯಿತು. ಹದಿನೈದು ದಿನವಾದ ಮೇಲೆ ಒಂದು ಸಂಜೆ ನಾನು ಚಹಾ ಕೊಟ್ಟಾಗ ಅವರು ಲೋಟ ಮುಟ್ಟದೆ ಕೇಳಿದರು:

"ಅವನ್ನ ಕಳಿಸಿದ್ದು ನೀನೇ ಅಲ್ವಾ?"

ಇನ್ನು ಮುಚ್ಚಿಡುವುದು ಬೇಡವೆನಿಸಿತು. ಸುದ್ದಿ ತೋರಿಸಿದೆ. ಅವರು ಅತ್ತ ನೋಡಲೇ ಇಲ್ಲ.

"ನಂಗೆ ಮೊದಲ್ನೇ ವಾರಾನೇ ಗೊತ್ತಾಗಿತ್ತು ಕಣಪ್ಪ. ಮೂವತ್ತೈದು ವರ್ಷ ಅದೇ ಕೆಲ್ಸ ಮಾಡಿದೀನಿ. ಈ ಬಿಸಿಲಲ್ಲಿ ಯಾವನು ತೋಳು ಮುಚ್ಕೊಂಡು ಓಡಾಡ್ತಾನೆ? ಒಂದಿನ ಕೇಳ್ದೆ. ತೋಳು ಮಡಿಸಿ ತೋರಿಸ್ದ. ಅವರ ಟೀಮಿನ ಹಚ್ಚೆ ಹಾಕ್ಸಿದ್ನಂತೆ. ಜೈಲಿಂದ ಬಂದ್ಮೇಲೆ ಕಾದ ಸೌಟಿಟ್ಟು ತಾನೇ ಸುಟ್ಕೊಂಡಿದ್ದ. ಕೂತ್ಕೊಂಡು ಒಂದೂ ಬಿಡ್ದಂಗೆ ಎಲ್ಲಾ ಹೇಳ್ದ."

"ಗೊತ್ತಿದ್ದೂ ಕುತ್ತಿಗೆ ಕೊಟ್ಟು ಕೂತಿದ್ರಾ?"

ಅಪ್ಪ ಸಮುದ್ರದ ಕಡೆ ನೋಡಿದರು. ಆಮೇಲೆ ನನಗೆ ಎಂದೂ ಹೇಳಿರದ ಒಂದು ವಿಷಯ ಹೇಳಿದರು. ಅವರು ಕಾನ್ಸ್‌ಟೇಬಲ್ ಆಗಿದ್ದ ಕಾಲ. ಹಬ್ಬದ ಬಂದೋಬಸ್ತಿಗೆ ಮೊದಲು ಠಾಣೆಯಿಂದ ರೌಡಿಗಳ ಪಟ್ಟಿ ಮೇಲಕ್ಕೆ ಹೋಗಬೇಕಿತ್ತು. ಸಾಹೇಬರಿಗೆ ಪಟ್ಟಿ ಚಿಕ್ಕದೆನಿಸಿತು. ಸಾಮಿಲ್ಲಿನಲ್ಲಿ ಕೆಲಸಕ್ಕಿದ್ದ ಹತ್ತೊಂಬತ್ತರ ತರುಣನೊಬ್ಬ ಸೈಕಲ್ ಜಗಳದಲ್ಲಿ ಒಮ್ಮೆ ಠಾಣೆಗೆ ಬಂದಿದ್ದ. ಅವನ ಹೆಸರೂ ಸೇರಲಿ ಎಂದರು.

"ನನ್ನ ಅಕ್ಷರ ದುಂಡಗಿತ್ತು ಅಂತ ಪಟ್ಟಿ ಬರೆಯೋಕೆ ನಂಗೇ ಕೊಡ್ತಿದ್ರು. ಬರೆದೆ. ಅವನು ಅಂಥೋನಲ್ಲ ಅಂತ ನಂಗೆ ಗೊತ್ತಿತ್ತು. ಆದ್ರೂ ಬರೆದೆ. ಅಲ್ಲಿಂದಾಚೆಗೆ ಊರಲ್ಲಿ ಏನಾದ್ರೂ ಅವನನ್ನೇ ಎಳ್ಕೊಂಡು ಬರೋದು. ಸಾಮಿಲ್ಲಿನವರು ಕೆಲಸದಿಂದ ತೆಗೆದ್ರು. ಲಾಕಪ್ಪಲ್ಲಿ ಸಿಕ್ಕಿದೋರ ಜೊತೇಲೇ ಸೇರ್ಕೊಂಡ. ನಾಲ್ಕು ವರ್ಷಕ್ಕೆ ರಸ್ತೆ ಬದೀಲಿ ಹೆಣವಾಗಿ ಬಿದ್ದಿದ್ದ. ಪಂಚನಾಮೆ ಬರೆಯೋಕೂ ನನ್ನನ್ನೇ ಕಳಿಸಿದ್ರು. ಅದನ್ನೂ ಅದೇ ಕೈಯಲ್ಲಿ ಬರೆದೆ."

ಅವರು ನನ್ನ ಕಡೆ ತಿರುಗಿದರು. "ಇವನು ಬದುಕಿ ಉಳಿದು ನನ್ನ ಮುಂದೆ ಬಂದು ಕೂತಿದ್ದ. ನೀನು ಅವನ ಹೆಸರನ್ನ ಮತ್ತೆ ಪಟ್ಟಿಗೆ ಬರೆದುಬಿಟ್ಯಲ್ಲಪ್ಪ" ಎಂದರು.

ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ರಾತ್ರಿ ಹೆಂಡತಿಗೆ ಹೇಳಿದೆ. ಅವಳು, "ನೀವು ಗುಂಪಿಗೆ ಹಾಕೋಕೆ ಮೊದಲು ನನ್ನನ್ನಾದರೂ ಕೇಳಬಹುದಿತ್ತು" ಎಂದಳು, ಅಷ್ಟೇ. ಅಪ್ಪ ಒಮ್ಮೆ "ಅವನಿಗೊಂದು ಫೋನ್ ಮಾಡಿಕೊಡು" ಎಂದು ಕೇಳಿದರು. ನಾಳೆ ಮಾಡೋಣ ಎಂದೆ. ನಂಬರು ಸಿಗದೆ ಹೋದದ್ದಲ್ಲ; ಹಾಜಿಯವರನ್ನು ಕೇಳಿದರೆ ಒಂದು ನಿಮಿಷದ ಕೆಲಸ. ಆದರೆ ಮಾತು ತಪ್ಪಿದ ಮೇಲೆ ಹಾಜಿಯವರ ಮುಖ ನೋಡುವ ಧೈರ್ಯ ನನಗಿರಲಿಲ್ಲ. ನಾಳೆ ನಾಳೆ ಎನ್ನುತ್ತ ತಿಂಗಳುಗಳು ಕಳೆದವು. ಅಪ್ಪ ಮತ್ತೆ ಕೇಳಲಿಲ್ಲ. ನಾನು ಮರೆತಿದ್ದಾರೆ ಎಂದುಕೊಂಡೆ.

ಆಗಸ್ಟಿನಲ್ಲಿ ಅವರಿಗೆ ಎರಡನೇ ಸಲ ಲಕ್ವ ಹೊಡೆಯಿತು. ಆಸ್ಪತ್ರೆಯಲ್ಲಿ ನಾಲ್ಕು ದಿನವಿದ್ದು ತೀರಿಕೊಂಡರು. ದೇಹವನ್ನು ಊರಿಗೆ ಒಯ್ಯಲು ಎಷ್ಟು ಕಾಗದಪತ್ರ ಬೇಕೆಂಬುದು ಅನುಭವಿಸಿದವರಿಗೇ ಗೊತ್ತು. ನಾನು ಶವಾಗಾರದ ಮುಂದೆ ದಿಕ್ಕು ತೋಚದೆ ನಿಂತಿದ್ದಾಗ ಹಾಜಿಯವರು ಬಂದರು. ಯಾರು ಹೇಳಿದರೋ ತಿಳಿಯದು. ನನ್ನ ಕೈಯಿಂದ ಕಡತ ತೆಗೆದುಕೊಂಡು, "ಯಲ್ಲಾ ಸರ್, ನೀವು ಕೂತ್ಕೊಳ್ಳಿ" ಎಂದು ಎರಡು ದಿನ ತಾವೇ ಓಡಾಡಿದರು. ಹಳೆಯದರ ಬಗ್ಗೆ ಒಂದು ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಆಸ್ಪತ್ರೆಯ ಆ ನಾಲ್ಕು ದಿನಗಳಲ್ಲಿ ಖಸಬ್‌ಗೆ ಒಂದು ಫೋನು ಮಾಡಬೇಕೆಂದು ನನಗೆ ಹೊಳೆಯದೆ ಇರಲಿಲ್ಲ. ಹೊಳೆದದ್ದನ್ನು ಪಕ್ಕಕ್ಕಿಟ್ಟೆ.

ಮುಂದಿನ ಚಳಿಗಾಲದಲ್ಲಿ ಕಂಪನಿ ನನ್ನನ್ನು ಎರಡು ದಿನದ ಕೆಲಸಕ್ಕೆ ಖಸಬ್‌ಗೆ ಕಳಿಸಿತು. ಬೇರೆಯವರು ಹೋಗಬಹುದಿತ್ತು. ನಾನೇ ಕೇಳಿಕೊಂಡು ಹೋದೆ. ಹೊರಡುವ ಮೊದಲು ಹಾಜಿಯವರಿಗೆ ಫೋನ್ ಮಾಡಿ, ಅವನನ್ನು ಎಲ್ಲಿ ನೋಡಬಹುದು ಎಂದೆ. "ಬಂದರಿನ ಹತ್ತಿರ ಕೇಳಿ ಸರ್, ಯಾರಾದ್ರೂ ತೋರಿಸ್ತಾರೆ" ಎಂದರು, ಇದೇ ಪ್ರಶ್ನೆಗೆ ಕಾಯುತ್ತಿದ್ದವರಂತೆ.

ಕೆಫೆಟೇರಿಯಾ ದೋಣಿಗಳು ನಿಲ್ಲುವ ಕಡೆಗೆ ಮುಖಮಾಡಿತ್ತು. ಹಿಂದೆ ಬೋಳು ಬೆಟ್ಟ, ಮುಂದೆ ಪ್ರವಾಸಿಗರನ್ನು ಕರೆದೊಯ್ಯುವ ಮರದ ದೋಣಿಗಳು. ಬೆಳಗ್ಗೆ ಹತ್ತರ ಹೊತ್ತು. ಅವನು ಹೊರಗಿನ ಮೇಜುಗಳನ್ನು ಒರೆಸುತ್ತಿದ್ದ. ಕೂದಲು ಬೆಳ್ಳಗಾಗಿತ್ತು. ನನ್ನನ್ನು ಕಂಡು ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, "ಬನ್ನಿ ಸರ್, ಕೂತ್ಕೊಳ್ಳಿ" ಎಂದ. ನಾನು ಬರುವುದು ಅವನಿಗೆ ತಿಳಿದಿತ್ತು.

ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತನ್ನೆಲ್ಲ ಬಿಟ್ಟು, "ನಾನು ನಿನಗೆ ಅನ್ಯಾಯ ಮಾಡಿದೆ" ಎಂದೆ. "ತಪ್ಪಾಯ್ತು."

ಪರವಾಗಿಲ್ಲ ಎನ್ನುತ್ತಾನೆಂದುಕೊಂಡಿದ್ದೆ. ಅವನು ಎದುರಿನ ಕುರ್ಚಿಯಲ್ಲಿ ಕೂತು ಹೇಳಿದ:

"ಬೇಜಾರಾಗಿತ್ತು ಸರ್. ಇಲ್ಲ ಅಂದ್ರೆ ಸುಳ್ಳಾಗ್ತದೆ. ಆದ್ರೆ ನಿಮ್ಮ ಮೇಲೆ ಸಿಟ್ಟಿರಲಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ರೂ ಅಪ್ಪನ ಕುತ್ತಿಗೆ ಹತ್ತಿರ ಅಂಥವನನ್ನು ಬಿಡ್ತಿದ್ನೋ ಇಲ್ವೋ. ಅದಲ್ಲ. ಅಜ್ಜ ಹೋದದ್ದು ನನಗೆ ಹಾಜಿಯವರು ಹೇಳಿದ್ದು, ನೀವು ಬಾಡಿ ತಕ್ಕೊಂಡು ಊರಿಗೆ ಹೋದ ಮೇಲೆ. ಮೊದಲೇ ಒಂದು ಫೋನ್ ಮಾಡಿದ್ರೆ ಹೇಗಾದ್ರೂ ಮಸ್ಕತ್‌ಗೆ ಬಂದು ಮುಖ ನೋಡ್ತಿದ್ದೆ ಸರ್. ದೂರದಲ್ಲಿ ನಿಂತಾದ್ರೂ. ಅದೊಂದು ಮನಸ್ಸಲ್ಲೇ ಉಳಿದಿದೆ."

ಅವನು ಹೆಗಲ ಮೇಲಿನ ಬಟ್ಟೆ ತೆಗೆದು ಮೇಜಿನ ಮೇಲಿಟ್ಟ.

"ಆ ವಾರ ಶುಕ್ರವಾರ ಅಜ್ಜನ ಫೋನು ಬರಲಿಲ್ಲ. ಆವಾಗಲೇ ನನಗೆ ಹೆದರಿಕೆಯಾಗಿತ್ತು" ಎಂದ.

"ಯಾವ ಫೋನು?"

ಅವನು ನನ್ನ ಮುಖ ನೋಡಿ ಅಳುಕಿದ. "ನಿಮಗೆ ಗೊತ್ತಿರಲಿಲ್ವಾ? ಪ್ರತಿ ಶುಕ್ರವಾರ, ನೀವು ಸಾಮಾನು ತರಲಿಕ್ಕೆ ಹೋಗ್ತಿದ್ರಲ್ಲ, ಆ ಹೊತ್ತಿಗೆ ಮಾಡ್ತಿದ್ರು. ಮಗು ಡಯಲ್ ಮಾಡಿ ಕೊಡ್ತಿತ್ತು. ಸರ್, ಅವಳಿಗೆ ಬೈಬೇಡಿ."

ಅಷ್ಟೂ ತಿಂಗಳು ಅಪ್ಪ ಮರೆತಿದ್ದಾರೆಂದು ನಾನು ಸಮಾಧಾನಪಟ್ಟುಕೊಂಡಿದ್ದೆ. ಅವರು ನನ್ನನ್ನು ಕೇಳುವುದನ್ನು ಮಾತ್ರ ಬಿಟ್ಟಿದ್ದರು. ಹಾಜಿಯವರಿಂದ ನಂಬರು ಪಡೆದವಳು ನನ್ನ ಮಗಳು.

ಆಗ ಒಳಗಿನಿಂದ ಒಬ್ಬ ಚಹಾ ತಂದಿಟ್ಟ. ಎತ್ತರದ ಒಣಕಲು ಮನುಷ್ಯ. ಲೋಟ ಇಡುವಾಗ ಕಂಡೆ, ಅವನ ಬಲಗೈಯಲ್ಲಿ ಎರಡು ಬೆರಳಿರಲಿಲ್ಲ. ಅವನು ಒಳಗೆ ಹೋದ ಮೇಲೆ ಇವನು ದನಿ ತಗ್ಗಿಸಿದ.

"ಇವ ಆಚೆ ಟೀಮಿನವ ಸರ್. ಆ ಬೆರಳು ನಾನೇ ತೆಗೆದದ್ದು. ಪೇಪರಿನಲ್ಲಿ ಬಂದ ಕೇಸಿಗಿಂತ ಮೊದಲಿನ ಗಲಾಟೆ. ಮೊನ್ನೆ ಮೊನ್ನೆವರೆಗೆ ಊರಲ್ಲಿ ಅವನಿಗೆ ಯಾರೂ ಕೆಲಸ ಕೊಡ್ತಿರಲಿಲ್ಲ, ಕೈಯೂ ಹಾಗೆ. ಮತ್ತೆ ಹಳೇ ದಾರಿಗೇ ಹೋಗುವವನಿದ್ದ. ನಾನು ಫೋನಲ್ಲಿ ಅಜ್ಜನ ಹತ್ತಿರ ಹೇಳಿದೆ, ಇವನನ್ನು ನೆನೆಸಿದ್ರೆ ನಿದ್ದೆ ಬರುವುದಿಲ್ಲ ಅಂತ. ಅಜ್ಜ ಹೇಳಿದ್ರು, ನೆನೆಸ್ಕೊಂಡು ಕೂತ್ರೆ ಏನಾಗುತ್ತೆ ಮಗ, ಕರೆಸ್ಕೊ ಅಂತ. ಇಲ್ಲಿಯ ಯಜಮಾನರ ಕಾಲು ಹಿಡಿದೆ. ಅವರು ವೀಸಾ ಕೊಟ್ಟರು."

"ಬಂದನಾ? ನೀನು ಕರೆದರೆ?"

"ಮೊದಲು ಫೋನಲ್ಲೇ ಬೈದು ಇಟ್ಟ. ನಾಲ್ಕನೇ ಸಲಕ್ಕೆ ಒಪ್ಪಿದ. ಬಂದು ಎರಡು ತಿಂಗಳು ನನ್ನ ಹತ್ತಿರ ಒಂದು ಮಾತಾಡಲಿಲ್ಲ. ಒಂದೇ ರೂಮು ಸರ್. ನಾನು ಬಡಿಸಿದ್ದು ತಿನ್ನುತ್ತಿರಲಿಲ್ಲ. ಈಗ ಮಾತಾಡ್ತಾನೆ. ಉಪ್ಪು ಜಾಸ್ತಿ ಹಾಕ್ತೀಯ ಅಂತ ದಿನಾ ಜಗಳ." ಮೊದಲ ಸಲ ನಕ್ಕ. "ಕ್ಷಮಿಸಿದ್ದೇನೆ ಅಂತ ಅವ ಹೇಳಿಲ್ಲ. ನಾನೂ ಕೇಳಿಲ್ಲ."

ಒಳಗಿನಿಂದ ಅವನು ತುಳುವಿನಲ್ಲಿ ಏನೋ ಕೂಗಿದ. ಇವನು ಎದ್ದ. ಮೀನಿನವರು ತಿಂಡಿಗೆ ಬರುವ ಹೊತ್ತಾಗಿತ್ತು. ನಾನು ಅಲ್ಲೇ ಸ್ವಲ್ಪ ಹೊತ್ತು ಕೂತಿದ್ದೆ. ಇಬ್ಬರೂ ಕಿಷ್ಕಿಂಧೆಯಂಥ ಅಡುಗೆಕೋಣೆಯಲ್ಲಿ ಒಬ್ಬರಿಗೊಬ್ಬರು ತಾಗದಂತೆ ಸರಿದಾಡುತ್ತಾ, ಒಬ್ಬ ಹಿಟ್ಟು ತಟ್ಟಿ, ಇನ್ನೊಬ್ಬ ಕಾವಲಿಗೆ ಹಾಕುತ್ತಿದ್ದರು.

ಮನೆಗೆ ಬಂದು ಮಗಳನ್ನು ಕೇಳಿದೆ. ಬೈಯಲಿಲ್ಲ. "ನನಗೇಕೆ ಹೇಳಲಿಲ್ಲ ಪುಟ್ಟಿ?" ಎಂದೆ.

"ಯು ನೆವರ್ ಆಸ್ಕ್ಡ್, ಅಪ್ಪ" ಎಂದಳು. ಆಮೇಲೆ ಕನ್ನಡದಲ್ಲಿ, "ತಾತಾನೇ ಬೇಡ ಅಂದ್ರು. ನಿಮಗೆ ನಾಚಿಕೆ ಆಗುತ್ತೆ ಅಂತ" ಎಂದಳು. ಅವರಿಬ್ಬರೂ ಫೋನಿನಲ್ಲಿ ಏನು ಮಾತಾಡುತ್ತಿದ್ದರು ಎಂದು ಕೇಳಿದೆ. ಹೆಚ್ಚಾಗಿ ಅಡುಗೆಯದ್ದೇ, ಮತ್ತೆ ಕೆಲವು ಸಲ ಇಬ್ಬರೂ ಸುಮ್ಮನಿರುತ್ತಿದ್ದರು, ಆದರೆ ಇಡುತ್ತಿರಲಿಲ್ಲ ಎಂದಳು.

ಇದಾಗಿ ಕೆಲವು ವರ್ಷಗಳಾದವು. ಮವಾಲೇಹ್‌ನ ದೊಡ್ಡ ಮಾರುಕಟ್ಟೆ ಈಗ ಬೇರೆಡೆಗೆ ಹೋಗಿದೆ. ಹಾಜಿಯವರು ಅಂಗಡಿಯನ್ನು ಅಳಿಯನಿಗೆ ಬಿಟ್ಟು ಊರು ಸೇರಿದ್ದಾರೆ. ಹೊರಡುವ ದಿನ ಅವರ ಬಳಿಗೆ ಹೋಗಿ, ನಿಮಗೆ ಕೊಟ್ಟ ಮಾತು ಮುರಿದೆ ಎಂದು ಕೊನೆಗೂ ಬಾಯಿಬಿಟ್ಟು ಹೇಳಿದೆ. ಅವರು ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು, "ಈಗ ಹೇಳಿದ್ರಲ್ಲ" ಎಂದರು. ನನ್ನಿಂದಾಗಿ ಯಾರ ಬದುಕೂ ಹಾಳಾಗಲಿಲ್ಲ ಎಂದು ಹೆಂಡತಿ ಸಮಾಧಾನ ಹೇಳುತ್ತಾಳೆ. ನಿಜ, ಹಾಳಾಗಲಿಲ್ಲ. ಆದರೆ ಹಾಗೆ ಆಗದಂತೆ ನೋಡಿಕೊಂಡವರು ಬೇರೆಯವರು. ಹಣೆಗೆ ಏಳು ಹೊಲಿಗೆ ಹಾಕಿಸಿಕೊಂಡವರು, ಮುಖ ನೋಡಿರದ ಒಮಾನಿ ಹಿರಿಯರು, ಹದಿನೈದು ವರ್ಷದ ಹುಡುಗಿ, ಅರ್ಧ ಮೈ ಸೋತ ಮುದುಕ. ಅವರೆಲ್ಲರ ನಡುವೆ ಓದಿದವನು, ಕೈಕಾಲು ಗಟ್ಟಿಯಿದ್ದವನು ನಾನೊಬ್ಬನೇ.

ಖಸಬ್‌ಗೆ ನಾನೂ ಆಗಾಗ ಫೋನ್ ಮಾಡುತ್ತೇನೆ. ಮಾತು ಉದ್ದವಾಗುವುದಿಲ್ಲ. ಅವನು ಈಗಲೂ ನನ್ನನ್ನು ಸರ್ ಎನ್ನುತ್ತಾನೆ, ಬೇಡವೆಂದರೂ ಬಿಟ್ಟಿಲ್ಲ. ಕಳೆದ ಸಲ ಮಾಡಿದಾಗ ಅವನ ದನಿಯಲ್ಲಿ ಏನೋ ಹಗುರವಿತ್ತು. ಬೆರಳಿಲ್ಲದ ಗೆಳೆಯ ತಂಗಿಯ ಮದುವೆಗೆಂದು ಒಂದು ತಿಂಗಳು ಊರಿಗೆ ಹೋಗಿದ್ದನಂತೆ. ಹಳೆಯ ಟೀಮಿನವರು ಮದುವೆ ಮನೆಗೇ ಬಂದು ಕೂತಿದ್ದರೆಂದು ಸುದ್ದಿ ಬಂದಿತ್ತಂತೆ. ಆಮೇಲೆ ಹತ್ತು ದಿನ ಅವನ ಫೋನೇ ಇಲ್ಲ.

"ಬರ್ತಾನೋ ಇಲ್ವೋ ಅಂತ ಒಂದೊಂದು ದಿವಸ ಲೆಕ್ಕ ಹಾಕ್ತಿದ್ದೆ ಸರ್" ಎಂದ. "ನಿನ್ನೆ ಬೆಳಗ್ಗೆ ಬಾಗಿಲು ತೆಗೀತೇನೆ, ಬ್ಯಾಗು ಹಿಡ್ಕೊಂಡು ನಿಂತಿದ್ದಾನೆ. ಅವನ ಅಮ್ಮ ನನಗೆ ಅಂತ ಹಲಸಿನ ಹಪ್ಪಳ ಕಳಿಸಿದ್ದಾರೆ."

"ಅವನ ಅಮ್ಮನಾ?"

"ಹೌದು ಸರ್" ಎಂದ. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ನಾನು ಫೋನು ಇಡಲಿಲ್ಲ. ಅವನೂ ಇಡಲಿಲ್ಲ.